ಕಾಲಿಂಚಿನ ವೈನಿ

ನೆಬ್ರಾಸ್ಕದ ಲಿಂಕನ್ ಊರಿನಲ್ಲಿ ನಮ್ಮ ವೈನಿಯ ಮನೆಗೆ ಊಟಕ್ಕೆ ಹೋಗುವವರಿಗೆ ಒಂದು ಕಿವಿಮಾತು: ಉಣ್ಣೆಯ ಸ್ವೆಟರ್ ಹಾಕಿಕೊಂಡು ಹೋಗಬೇಡಿ. ಕಾರಣ ಮುಂದೆ ತಿಳಿಯುತ್ತದೆ.

ಹೊಲಿಗೆಯವರಲ್ಲಿ ಜಾತಿ ಹಲವು. ರವಿಕೆ ಹೊಲಿಯುವವರು ನಿರುಪದ್ರವಿಗಳು. ಹೇಳಿದ ದಿನಕ್ಕೆ ಕೊಡುವುದಿಲ್ಲ, ಅಷ್ಟೇ. ಕಸೂತಿಯವರು ಎಳೆ ಎಣಿಸುವುದರಲ್ಲೇ ಮುಳುಗಿರುತ್ತಾರೆ, ನಮ್ಮ ತಂಟೆಗೆ ಬರುವುದಿಲ್ಲ. ಆದರೆ ಕ್ವಿಲ್ಟ್, ಅಂದರೆ ಬಟ್ಟೆ ತುಂಡು ಜೋಡಿಸಿದ ಹೊದಿಕೆ, ಹೊಲಿಯುವವರಲ್ಲಿ ಪೇಪರ್ ಪೀಸಿಂಗ್ ಎಂಬ ಪಂಥವೊಂದಿದೆ. ಅದಕ್ಕೆ ಸೇರಿದವರು ತಾವು ಉದ್ಧಾರವಾದರೆ ಸಾಲದು, ಬಂದವರನ್ನೆಲ್ಲ ಉದ್ಧರಿಸಿಯೇ ಕಳಿಸುತ್ತಾರೆ.

ಇವರನ್ನು ಗುರುತಿಸುವುದು ಸುಲಭ. ಮಾತನಾಡುವಾಗ ನಿಮ್ಮ ಮುಖ ನೋಡುವುದಿಲ್ಲ, ಅಂಗಿ ನೋಡುತ್ತಾರೆ. ಅಣ್ಣನ ನೀಲಿ ಅಂಗಿಯೊಂದು ಹೀಗೆ ಎರಡು ದಿನ ನೋಡಿಸಿಕೊಂಡು ಮೂರನೆಯ ದಿನ ಕಾಣೆಯಾಯಿತು. ಹದಿನೆಂಟು ಇಂಚಿಗೆ ಇಪ್ಪತ್ತೆರಡು ಇಂಚಿನ ಬಟ್ಟೆ ತುಂಡಿಗೆ ಇವರು ಫ್ಯಾಟ್ ಕ್ವಾರ್ಟರ್ ಎನ್ನುತ್ತಾರೆ. ಅಂಥ ತುಂಡುಗಳಿಂದ ಒಂದು ಕಪಾಟು ತುಂಬಿದ ಮೇಲೂ ‘ಬೇಕಾದ ಹಸಿರು ಒಂದೂ ಇಲ್ಲ’ ಎಂದು ಅಂಗಡಿಗೆ ಹೊರಡುತ್ತಾರೆ. ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಯುಎಫ್‌ಓ ಎನ್ನುತ್ತಾರೆ. ಮುಗಿದದ್ದನ್ನು ಯಾರಿಗೂ ಹೊದೆಯಲು ಕೊಡುವುದಿಲ್ಲ. ಕೋಲಿನ ಮೇಲೆ ಇಳಿಬಿಟ್ಟ ಎಂಟು ಕ್ವಿಲ್ಟ್‌ಗಳ ಕೆಳಗೆ, ಸೇಲಿನಲ್ಲಿ ತಂದ ಪಾಲಿಯೆಸ್ಟರ್ ರಗ್ಗು ಹೊದ್ದು ನಮ್ಮಣ್ಣ ಮಲಗುತ್ತಾನೆ.

ವೈನಿಗೆ ಈ ಹುಚ್ಚು ಹಿಡಿದದ್ದು ಚಳಿಯಿಂದ. ಜಗತ್ತಿನ ದೊಡ್ಡ ಕ್ವಿಲ್ಟ್ ಸಂಗ್ರಹವೊಂದು ಇರುವುದು ಅದೇ ಊರಿನ ಇಂಟರ್‌ನ್ಯಾಷನಲ್ ಕ್ವಿಲ್ಟ್ ಮ್ಯೂಸಿಯಂನಲ್ಲಿ. ಜೇಮ್ಸ್ ದಂಪತಿ ತಾವು ಕೂಡಿಟ್ಟ ಸುಮಾರು 950 ಕ್ವಿಲ್ಟ್‌ಗಳನ್ನು 1997ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದರಿಂದ ಅದು ಹುಟ್ಟಿತು. ವೈನಿಯ ಮಗಳು ಕಾಲೇಜಿಗೆ ಹೋಗಿದ್ದಳು, ಅಣ್ಣ ವಾರದಲ್ಲಿ ನಾಲ್ಕು ದಿನ ಪರವೂರಿನಲ್ಲಿ. ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಬೆಚ್ಚಗಿದೆ ಎಂಬ ಒಂದೇ ಕಾರಣಕ್ಕೆ ಮ್ಯೂಸಿಯಂ ಹೊಕ್ಕ ವೈನಿ, ಮ್ಯಾರಿನರ್ಸ್ ಕಂಪಾಸ್ ಎಂಬ ವಿನ್ಯಾಸದ ಮುಂದೆ ನಿಂತಳು. ಸೂಜಿಮೊನೆಯಷ್ಟು ಚೂಪಾದ ಮೂವತ್ತೆರಡು ಕೋನಗಳು, ಒಂದರದೂ ತುದಿ ಮುರಿದಿಲ್ಲ. ಕಾವಲಿನವನು ಬಾಗಿಲು ಹಾಕುವ ಹೊತ್ತಾಯಿತು ಎನ್ನುವವರೆಗೂ ಅಲ್ಲಿಂದ ಕದಲಲಿಲ್ಲವಂತೆ.

ಆ ಚೂಪಿನ ಗುಟ್ಟು ಕಾಗದ. ವಿನ್ಯಾಸವನ್ನು ಕಾಗದದ ಮೇಲೆ ಅಚ್ಚು ಹಾಕಿ ಪ್ರತಿ ಮನೆಗೂ ನಂಬರು ಕೊಟ್ಟಿರುತ್ತಾರೆ. ಬಟ್ಟೆ ಇರುವುದು ಕಾಗದದ ಹಿಂದೆ, ಗೆರೆ ಮುಂದೆ. ಒಂದನೆಯ ತುಂಡು, ಅದರ ಮೇಲೆ ಮುಖಕ್ಕೆ ಮುಖ ಮಾಡಿ ಎರಡನೆಯದು, ಗೆರೆಯ ಮೇಲೆ ಹೊಲಿಗೆ, ಕಾಲಿಂಚು ಬಿಟ್ಟು ಕತ್ತರಿ, ಮಗುಚಿ ಇಸ್ತ್ರಿ. ಮತ್ತೆ ಮೂರನೆಯದು. ಎಲ್ಲವೂ ತಿರುಗುಮುರುಗು, ಮೊದಲ ಸಲ ಮಗಳ ಹೆಸರಿನ ಎಸ್ ಅಕ್ಷರ ಹೊಲಿದು ತಿರುಗಿಸಿದರೆ ಅದು ಕನ್ನಡಿ ಹಿಡಿದು ಓದಬೇಕಾದ ಎಸ್ ಆಗಿತ್ತು. ಕಾಲಿಂಚು ಎಂದರೆ ಕಾಲಿಂಚೇ. ನಾನು ಒಮ್ಮೆ ‘ಸುಮಾರು ಕಾಲಿಂಚು’ ಎಂದದ್ದಕ್ಕೆ ಆಕೆ ನೋಡಿದ ನೋಟ ಇನ್ನೂ ನೆನಪಿದೆ.

ಮಾಮೂಲು ಹೊಲಿಗೆ ಎರಡೂವರೆ ಮಿಲಿಮೀಟರ್ ಇದ್ದರೆ ಇಲ್ಲಿ ಒಂದೂವರೆ. ಅಷ್ಟು ಒತ್ತೊತ್ತಾಗಿ ಸೂಜಿ ಚುಚ್ಚಿದರೆ ಕಾಗದದಲ್ಲಿ ಅಂಚೆಚೀಟಿಯ ಅಂಚಿನ ಹಾಗೆ ಸಾಲು ತೂತು ಬಿದ್ದು ಮುಂದೆ ಹರಿಯಲು ಹಗುರ. ಹರಿಯಲು! ನನ್ನ ಗೋಳೆಲ್ಲ ಇರುವುದು ಇಲ್ಲೇ. ಹೊಲಿಯುವ ಸುಖ ವೈನಿಯದು, ಹರಿಯುವ ಕೆಲಸ ಊರಿನದು.

ಆ ಮನೆಯಲ್ಲಿ ಸತ್ಯನಾರಾಯಣ ಪೂಜೆಯ ಊಟ ಮುಗಿದು ಕೈತೊಳೆದು ಬರುವಷ್ಟರಲ್ಲಿ, ತಾಂಬೂಲ ಇರಬೇಕಾದ ತಟ್ಟೆಯಲ್ಲಿ ಹೊಲಿದ ಚೌಕಗಳು ಇರುತ್ತವೆ. ‘ಸುಮ್ನ ಕೂತು ಮಾತಾಡೋದಕಿಂತ ಕೈಗೆ ಏನರ ಕೆಲಸ ಇದ್ದರ ಛಲೋ’ ಎನ್ನುತ್ತ ಒಬ್ಬೊಬ್ಬರಿಗೂ ಒಂದೊಂದು ಹಂಚುತ್ತಾಳೆ. ಹರಿಯುವುದಕ್ಕೂ ಶಾಸ್ತ್ರವಿದೆ. ಕಡೆಯ ನಂಬರಿನಿಂದ ಶುರು ಮಾಡಿ ಒಂದಕ್ಕೆ ಬರಬೇಕು. ಹೊಲಿಗೆಯ ಗುಂಟ ಮಡಚಿ, ಗೀರಿ, ಓರೆಯಾಗಿ ಎಳೆಯಬೇಕು. ‘ಜಗ್ಗಬ್ಯಾಡೋ! ಹೊಲಿಗಿ ಬಿಡ್ತದ!’ ಎಂದು ಅಡಿಗೆಮನೆಯಿಂದಲೇ ಕೂಗು. ಗೋಡೆಯಾಚೆಯಿಂದ ಆಕೆಗೆ ಹರಿಯುವ ಸದ್ದಿನಲ್ಲೇ ತಪ್ಪು ಗೊತ್ತಾಗುತ್ತದೆ. ಮೂಲೆಯಲ್ಲಿ ಉಳಿದ ಚೂರುಗಳನ್ನು ಚಿಮಟದಿಂದ ಕೀಳಬೇಕು. ಚಳಿಗಾಲದ ಒಣಹವೆಗೆ ಆ ಚೂರೆಲ್ಲ ಸ್ವೆಟರಿಗೆ ಅಂಟುತ್ತವೆ, ಕೊಡವಿದಷ್ಟೂ ಇನ್ನೊಂದು ತೋಳಿಗೆ. ಸೋಮವಾರ ಆಫೀಸಿನಲ್ಲಿ ಮ್ಯಾನೇಜರು ನನ್ನ ಭುಜದ ಮೇಲಿಂದ ‘7’ ಎಂದು ಬರೆದಿದ್ದ ಕಾಗದದ ತ್ರಿಕೋನವನ್ನು ಎತ್ತಿ, ಏನೂ ಕೇಳದೆ, ಮೇಜಿನ ಮೇಲಿಟ್ಟು ಹೋದರು. ಹದಿನೆಂಟು ವರ್ಷ ಸಾಫ್ಟ್‌ವೇರ್ ಬರೆದ ನನ್ನ ಕೈಗೆ ವೈನಿ ಕೊಟ್ಟ ಸರ್ಟಿಫಿಕೇಟು ‘ಹರಿಯಾಕ ಅಡ್ಡಿಯಿಲ್ಲ’ ಎಂದು.

ಮಗನ ಮನೆಗೆಂದು ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬ ನಿವೃತ್ತ ಗುಮಾಸ್ತರು ಮಾತ್ರ ನಮ್ಮನ್ನೆಲ್ಲ ಮೀರಿಸಿದರು. ಜನ್ಮವೆಲ್ಲ ಒಂದು ಹಾಳೆಯೂ ಹರಿಯದಂತೆ ಫೈಲು ಕಾದವರು, ಕನ್ನಡಕ ಏರಿಸಿ, ಒಂದಾದ ಮೇಲೊಂದು ಚೌಕ ಹರಿದು ಗುಡ್ಡೆ ಹಾಕಿದರು. ಮುಖದಲ್ಲಿ ಅದೇನು ಸಂತೋಷ! ‘ನಿಮ್ಮ ವೀಸಾ ಇನ್ನಾರು ತಿಂಗಳು ಮುಂದ ಹಾಕಸ್ರಿ ಕಾಕಾ’ ಎಂದು ವೈನಿ ಕೈಮುಗಿದೇ ಕೇಳಿದಳು.

ವೈನಿಯ ತಾಯಿಗೆ ಮಾತ್ರ ಇದು ಇಂದಿಗೂ ಅರ್ಥವಾಗಿಲ್ಲ. ಧಾರವಾಡದ ಅವರ ಮನೆಗೆ ಬೇಸಿಗೆಯಲ್ಲಿ ಕೌದಿ ಹೊಲಿಯುವ ಹೆಂಗಸರು ಬರುತ್ತಿದ್ದರು. ಪಡಸಾಲೆಯಲ್ಲಿ ಹಳೆಯ ಸೀರೆ ಹಾಸಿ, ಹರಕು ತುಂಡು ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಓಡುಹೊಲಿಗೆ ಹಾಕುತ್ತಿದ್ದರು. ಪಟ್ಟಿಯಿಲ್ಲ, ಕಾಗದವಿಲ್ಲ. ‘ಹೊಸಾ ಅರಿವಿ ತಂದು, ಕತ್ತರಿಸಿ, ಮತ್ತ ಕೂಡಿಸಿ ಹೊಲೀತಿ? ಯಾಕ, ಅಲ್ಲಿ ಇಡೀ ಅರಿವಿ ಸಿಗೂದಿಲ್ಲೇನು?’ ಎಂದು ವಿಡಿಯೋದಲ್ಲಿ ಆ ತಾಯಿ ಕೇಳಿದಾಗ ನಾನು ನಕ್ಕೆ. ನಕ್ಕಿದ್ದಕ್ಕೆ ಇನ್ನೆರಡು ಚೌಕ ಬಂದವು.

ಈಚೆಗೆ ವೈನಿ ಕೈಹೊಲಿಗೆಯ ಕಡೆಗೆ ತಿರುಗಿದ್ದಾಳೆ. ಇದರಲ್ಲಿ ಗಟ್ಟಿ ಕಾಗದವನ್ನು ಷಟ್ಕೋನವಾಗಿ ಕತ್ತರಿಸಿ, ಬಟ್ಟೆ ಸುತ್ತಿ, ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಾರೆ. ಆರೂ ಮಗ್ಗುಲು ಸೇರಿದ ಮೇಲೆ ಕಾಗದ ಹೊರಗೆ ಬರುತ್ತದೆ, ಇನ್ನೊಂದಕ್ಕೆ ಆಗುತ್ತದೆ. ಗಟ್ಟಿ ಕಾಗದಕ್ಕೆ ಕನ್ನಡಿಗರ ಮನೆಯಲ್ಲಿ ಏನು ಬರ? ಲಗ್ನಪತ್ರಿಕೆಗಳು! ಊರಿನಿಂದ ಬಂದವನ್ನೆಲ್ಲ ಎತ್ತಿಟ್ಟಿದ್ದ ಪೆಟ್ಟಿಗೆ ಖಾಲಿಯಾಯಿತು. ನಾನು ಆಕ್ಷೇಪಿಸಿದಾಗ, ಇಂಗ್ಲೆಂಡಿನ ಕ್ವಿಲ್ಟರ್ಸ್ ಗಿಲ್ಡ್ ಕಾಪಾಡಿಟ್ಟಿರುವ 1718ರ ರೇಷ್ಮೆ ಹೊದಿಕೆಯ ಉದಾಹರಣೆಯನ್ನು ಎದುರಿಗೆ ಹಿಡಿದಳು. ಅದರೊಳಗೆ ಹೊಲಿದವರು ಬಿಟ್ಟ ಕಾಗದ ಇನ್ನೂ ಇದೆಯಂತೆ.

ಆಕೆ ಈಗ ಹೊಲಿಯುತ್ತಿರುವುದು ಆಕೆಯದಲ್ಲ. ಕ್ವಿಲ್ಟ್ ಸಂಘದಲ್ಲಿ ಆಕೆಗೆ ಸೂಜಿ ಹಿಡಿಯುವುದನ್ನು ಕಲಿಸಿದ, ಜೋಳದ ಹೊಲದ ಮನೆಯ ಅಜ್ಜಿಯೊಬ್ಬರು ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟವನ್ನು ಸಂಘದವರು ಹಂಚಿಕೊಂಡರು. ಆ ಪದ್ಧತಿ ಅವರಲ್ಲಿದೆ. ವೈನಿಯ ಪಾಲಿಗೆ ಬಂದದ್ದು ಷಟ್ಕೋನ ಹೂಗಳದ್ದು. ತಿರುಗಿಸಿ ನೋಡಿದರೆ ಅಜ್ಜಿಯ ಕಡೆಯ ಸಾಲಿನಲ್ಲಿ ಬೀಜದ ಕ್ಯಾಟಲಾಗಿನ ತುಂಡುಗಳು, ಮೂಲಂಗಿಯ ಬೆಲೆ, ಚರ್ಚಿನ ಊಟದ ಸೂಚನೆ. ಅದಕ್ಕೆ ತಾಗಿ ವೈನಿಯ ಸಾಲಿನಲ್ಲಿ ‘ಸಹಕುಟುಂಬ’, ‘ಬೀಗರ’, ಅರ್ಧ ಗಣಪತಿ.

ಇಲ್ಲೇ ನಮ್ಮ ಲಗ್ನಪತ್ರಿಕೆಯೂ ಇದೆ. ‘ಉಳದವ್ರದು ಎರಡು ಸಲಕ್ಕ ಮೆತ್ತಗಾಗ್ತಾವ, ನಿಮ್ಮ ಲಗ್ನ ಭಾಳ ಗಟ್ಟಿ ಅದ’ ಎಂದು ವೈನಿ ಹೊಗಳಿದ್ದುಂಟು. ಮುಹೂರ್ತಕ್ಕೆ ತಡ ಮಾಡಿದ್ದು ನಮ್ಮ ಕಡೆಯವರೋ ನನ್ನ ಹೆಂಡತಿಯ ಸೋದರಮಾವನೋ ಎಂಬ ಜಗಳ ನನಗೂ ಅವಳಿಗೂ ಮದುವೆಯ ದಿನದಿಂದ ನಡೆದಿದೆ. ಈ ಸಲ ಪತ್ರಿಕೆಯಲ್ಲಿನ ಹೊತ್ತು ನೋಡಿ ತೀರ್ಮಾನಿಸೋಣವೆಂದು ಇಬ್ಬರೂ ವೈನಿಯ ಮನೆಗೆ ಹೋದೆವು. ಉಳಿದಿದ್ದ ಪ್ರತಿ ಅದೊಂದೇ.

‘ಮುಹೂರ್ತ ಅಂಚಿನ ಸಾಲಿನ್ಯಾಗ ಅದ. ಮುಂದಿನ ಸಾಲು ಕೂಡೂತನಕ ಹೊರಗ ಬರೂದಿಲ್ಲ.’

‘ಅದೊಂದೇ ತಗದರ ಏನಾಗ್ತದ ವೈನಿ?’

‘ಆಕಾರ ಕೆಡ್ತದ. ಅಷ್ಟು ಗಡಿಬಿಡಿ ಇದ್ದರ ಕೂಡು, ಸೂಜಿ ಹಿಡಿ.’

ನಾನು ವಾದಿಸಲು ಬಾಯಿ ತೆರೆದೆ. ಹೆಂಡತಿ ಆಗಲೇ ಕನ್ನಡಕ ಹಾಕಿಕೊಂಡು ದಾರ ಪೋಣಿಸುತ್ತ, ಹಸಿರು ಯಾವ ಕಪಾಟಿನಲ್ಲಿದೆ ಎಂದು ಕೇಳುತ್ತಿದ್ದಳು.