ಶ್ವಾನಸಂಧಿ

ಘಟಪ್ರಭೆಯ ಕಾಲುವೆನೀರು ಕಬ್ಬಾಗಿ, ಕಬ್ಬು ಹಣವಾಗಿ, ಹಣವು ಗ್ರಾನೈಟ್ ಹಾಸಿದ ಪಡಸಾಲೆಯಾಗಿ ಪರಿಣಮಿಸಿದ ನಮ್ಮ ಹಾರೂಗೇರಿಯ ಕಡೆಯಲ್ಲಿ, ಆ ಪಡಸಾಲೆಗೆ ಶೋಭೆಯುಂಟಾಗಲೆಂದು ಮಿರಜಿನಿಂದಲೋ ಕೊಲ್ಹಾಪುರದಿಂದಲೋ ಜಾತಿನಾಯಿಯೊಂದನ್ನು ಕಾರಿನಲ್ಲಿ ಕೂಡ್ರಿಸಿಕೊಂಡು ಬರುವ ಸಾವಕಾರರ ವರ್ಗವೊಂದು ಈಚೆಗೆ ಉದಯಿಸಿದೆ. ಹೆಸರು ಹೇಳುವ ಧೈರ್ಯ ನನಗಿಲ್ಲ. ಓದುಗರ ಓಣಿಯಲ್ಲಿಯೂ ಅಂಥವರೊಬ್ಬರು ಇದ್ದಾರು.

ನಮ್ಮ ಓಣಿಯ ಸಾವಕಾರರ ಲ್ಯಾಬ್ರಡಾರ್, ರಾಜಾ ಎಂಬವನು, ಆರನೆಯ ವರುಷದಲ್ಲಿ ಏಳುವಾಗ ಹಿಂಗಾಲು ಎಳೆಯತೊಡಗಿದ್ದೇ ತಡ, ಮಕ್ಕಳಿಗೆ ಮೂವತ್ತು ವರುಷ ವ್ಯಾಕರಣ ಹೇಳಿಯೂ ಸವರ್ಣದೀರ್ಘಾದಿಗಳ ಹೊರತು ಬೇರೆ ಸಂಧಿಗಳನ್ನರಿಯದ ನನಗೆ ಕರೆ ಬಂದಿತು. ಮೊಣಕಾಲುನೋವಿನ ನೆಪದಿಂದ ದೇವರ ಮುಂದೆಯೂ ನೆಲಕ್ಕೆ ಕೂಡ್ರದ ಆ ಮಹನೀಯರು ಅಂದು ನೆಲದ ಮೇಲೆಯೇ ಕುಳಿತು ಅರಿಷಿಣ ಕಲಸಿದ ಬಿಸಿಯೆಣ್ಣೆಯನ್ನು ರಾಜಾನ ತೊಡೆಗೆ ತಿಕ್ಕುತ್ತಿದ್ದರು. ಅವರು ತಿಕ್ಕಿದಂತೆಲ್ಲ ಅವನು ನೆಕ್ಕುತ್ತಿದ್ದನು. ಪಕ್ಕದ ತಟ್ಟೆಯಲ್ಲಿ ಗೋಕಾಕದ ಕರದಂಟು.

"ಬಾಣಂತ್ಯಾರ ನಡಾ ಗಟ್ಟಿ ಮಾಡೂದು ನಾಯೀ ನಡಾ ಗಟ್ಟಿ ಮಾಡೂದಿಲ್ಲೇನ್ರೀ ಮಾಸ್ತರ?"

ಈ ತರ್ಕಕ್ಕೆ ಉತ್ತರವಿದ್ದುದು ದನದ ಡಾಕ್ಟರರಲ್ಲಿ. ಅವರು ಬಂದವರೇ ತಟ್ಟೆಯನ್ನು ಎತ್ತಿಸಿದರು. ಅದರೊಳಗಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷವಂತೆ. ತಮ್ಮ ಮೊಣಕಾಲಿನ ಮಾತ್ರೆಯಲ್ಲಿ ಅರ್ಧವನ್ನು ರಾಜಾನಿಗೂ ಹಂಚಬೇಕೆಂಬ ಸಾವಕಾರರ ಸತ್ಸಂಕಲ್ಪವನ್ನೂ ಮುರಿದರು. ಮನುಷ್ಯರ ನೋವಿನ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸೀತೆಂದರು. ಜಾರುವ ಗ್ರಾನೈಟಿನ ಮೇಲೆ ತಟ್ಟಿನ ಚೀಲ ಹಾಸತಕ್ಕದ್ದು, ಉಗುರು ಬೆಳೆಯಗೊಡಕೂಡದು, ದಿನವೂ ನಿಧಾನವಾಗಿ ನಡೆಸತಕ್ಕದ್ದು: ಎಲ್ಲವನ್ನೂ ಸಾವಕಾರರು ಶಿರಸಾವಹಿಸಿದರು. ಆದರೆ, "ಅಂಗೈ ಆಡಿಸಿದ್ರ ಪಕ್ಕೆಲುಬು ಕೈಗೆ ಹತ್ತಬೇಕ್ರಿ, ಹತ್ತವಲ್ವು. ಉಣಸೂದು ಕಡಿಮಿ ಮಾಡ್ರಿ" ಎಂದೊಡನೆ ಅವರ ಮುಖ ಕಪ್ಪಿಟ್ಟಿತು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಜೋಡಿಯಾಗಿ ಸಾಯುವತನಕ ಸಾಕಿ ನೋಡಲಾಗಿ, ಜೊತೆಯದಕ್ಕಿಂತ ಕಾಲುಪಾಲು ಕಡಿಮೆ ಉಂಡವುಗಳ ಕೀಲುಗಳು ತಡವಾಗಿ ಕೆಟ್ಟವೆಂದೂ, ಅವು ಸುಮಾರು ಎರಡು ವರುಷ ಹೆಚ್ಚು ಬದುಕಿದವೆಂದೂ ಡಾಕ್ಟರರು ವಿಸ್ತರಿಸಿ ಹೇಳಿದರು. ಸಾವಕಾರರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಬರಗಾಲ ಬಿದ್ದಿತ್ತೇನ್ರಿ?"

ಐದನೆಯ ಜಾರ್ಜ್ ದೊರೆಗೆ ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಕಾಣಿಕೆಯಿತ್ತ, 2005ರಲ್ಲಿ ಅಂಚೆಚೀಟಿಯನ್ನೂ ಏರಿದ ಮುಧೋಳದ ಕುಲದ ನಾಯಿಯೊಂದು, ಪಕ್ಕದ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಕುರುಬನ ಹಿಂದೆ ಬಿಲ್ಲಿನಂತೆ ಬಾಗಿದ ಸೊಂಟದಿಂದ ಓಡುತ್ತಿತ್ತು. ಡಾಕ್ಟರರು ಅದನ್ನು ತೋರಿಸಿದರೆ ಸಾವಕಾರರು, "ಎಲುಬ ಎಣಸಾಕ ಬರ್ತಾವ್ರಿ, ನಮ್ಮ ಮನೀ ನಾಯಿ ಹಂಗ ಕಂಡ್ರ ಊರಾಗ ಮಾರಿ ತೋರಸೂದು ಹ್ಯಾಂಗ?" ಎಂದರು. ಸೊರಗಿದ ನಾಯಿಯು ಮನೆತನದ ಅಪಕೀರ್ತಿಯೆಂಬುದು ಅವರ ಸಿದ್ಧಾಂತ.

ಕಡೆಗೆ ರಾಜಾನನ್ನು ಬೆಲ್ಲ ತೂಗುವ ಕಾಟಾದ ಮೇಲೆ ನಿಲ್ಲಿಸಲಾಯಿತು: 46 ಕಿಲೋ. ಆ ಜಾತಿಯ ಗಂಡಿಗೆ 36 ಧಾರಾಳವಾಯಿತು. ಕಾರ್ಖಾನೆಯ ಕಾಟಾ ಕಬ್ಬನ್ನು ಕಡಿಮೆ ತೋರಿಸುತ್ತದೆಂದು ವರುಷವಿಡೀ ಶಪಿಸುವ ಸಾವಕಾರರು, ಕಾಟಾ ಹೆಚ್ಚು ತೋರಿಸುತ್ತದೆಂದು ಜೀವಮಾನದಲ್ಲಿ ಮೊದಲ ಸಲ ತಗಾದೆ ತೆಗೆದರು.

ಪಥ್ಯಕ್ಕೆ ತಿಂಗಳು ತುಂಬಿತು. ಡಾಕ್ಟರರ ಅಳತೆಯ ಊಟವಾದ ಮೇಲೆ ಹಿತ್ತಿಲಲ್ಲಿ ಸಾವಕಾರ್ತಿಯವರು ಹಾಲುರೊಟ್ಟಿಯನ್ನೂ, ಪಡಸಾಲೆಯಲ್ಲಿ ಸಾವಕಾರರು ತುಪ್ಪದ ಚಪಾತಿಯನ್ನೂ, ಒಬ್ಬರಿಗೊಬ್ಬರು ತಿಳಿಯದಂತೆ ನೀಡುತ್ತಾರೆ. ಸಂಜೆ ಕಾಲುವೆಯ ದಂಡೆಯ ಮೇಲೆ ಸಾವಕಾರರು ನಡೆಯುತ್ತಾರೆ; ರಾಜಾ ಬೇವಿನ ಬುಡದಲ್ಲಿ ಕುಳಿತು ಅವರ ದಾರಿ ಕಾಯುತ್ತಾನೆ. ನಿನ್ನೆ ಇಬ್ಬರನ್ನೂ ತೂಗಿದೆವು. ರಾಜಾ 47 ಕಿಲೋ. ಸಾವಕಾರರು ಮೂರು ಕಿಲೋ ಇಳಿದಿದ್ದಾರೆ, ಮೊಣಕಾಲುನೋವೂ ಕಡಿಮೆಯಂತೆ.