ತಯಾರಿ ರಾಘು

ನಮ್ಮಕ್ಕನ ಮಗ ರಾಘು ಇಂಜಿನಿಯರಿಂಗು ಮೂರನೇ ವರ್ಷ. ಆನ್‌ಲೈನ್ ಓದಿಗೆ ಅವನಷ್ಟು ತಯಾರಾದ ಪ್ರಾಣಿ ನಮ್ಮ ಬೀದಿಯಲ್ಲೇ ಇಲ್ಲ. ಓದಿದ್ದಾನೋ ಎಂದು ಮಾತ್ರ ಕೇಳಬಾರದು. ಇನ್ನೂ ತಯಾರಿ ಮುಗಿದಿಲ್ಲ.

ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ನೆತ್ತಿಗೊಂದು ರಿಂಗ್ ಲೈಟು, ಕಿವಿಗೆ ಹೊರಗಿನ ಸದ್ದೆಲ್ಲ ನುಂಗುವ ಹೆಡ್‌ಫೋನು. ಅಕ್ಕ 'ಹಾಲು ಉಕ್ತಾ ಇದೆ, ಒಲೆ ಆರಿಸೋ' ಎಂದರೆ ಅದು ನುಂಗುತ್ತದೆ. 'ದೋಸೆ' ಎಂದರೆ ಯಾಕೋ ಉಗುಳಿಬಿಡುತ್ತದೆ. ಗೋಡೆ ಮೇಲೆ ಟೈಮ್‌ಟೇಬಲ್ಲು: ಓದಿಗೆ ಹಸಿರು, ಬ್ರೇಕಿಗೆ ಹಳದಿ. ದೂರದಿಂದ ಒಳ್ಳೇ ಸೂರ್ಯಕಾಂತಿ ಹೊಲ.

ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ 'ಸ್ವಯಂ' ಪೋರ್ಟಲ್ಲಿನಲ್ಲಿ ಒಟ್ಟೊಟ್ಟಿಗೆ ಹಲವು ಎನ್‌ಪಿಟೆಲ್ ಕೋರ್ಸಿಗೆ ಹೆಸರು ಕೊಟ್ಟಿದ್ದಾನೆ. ಸೇರುವುದಕ್ಕೆ ದುಡ್ಡಿಲ್ಲವಲ್ಲ, ಪರೀಕ್ಷೆಗೆ ಮಾತ್ರ ಕಟ್ಟಬೇಕು. 'ಸೆಲ್ಫ್ ಸ್ಟಡಿ ಮಾಮ, ಯಾರೂ ಬೆನ್ನು ಹತ್ತಲ್ಲ' ಅಂದ. ಸ್ವಯಂ ಎಂದರೆ ತಾನೇ ತಾನಾಗಿ. ನಮ್ಮ ಮನೆಯಲ್ಲಿ ಅದರರ್ಥ, ಅಮ್ಮ ನಾಲ್ಕು ಸಲ ಎಬ್ಬಿಸಿದ ಮೇಲೆ.

12 ವಾರದ ಕೋರ್ಸಿಗೆ ವಾರಕ್ಕೊಂದು ಅಸೈನ್‌ಮೆಂಟು. ಲೆಕ್ಕಕ್ಕೆ ಹಿಡಿಯುವುದು ಚೆನ್ನಾಗಿ ಬಂದ 8 ಮಾತ್ರ. ಹುಡುಗರಿಗೆ ಜ್ವರವೋ ಮದುವೆಯೋ ಬಂದೀತೆಂದು ಯಾರೋ ಪುಣ್ಯಾತ್ಮರು ಬಿಟ್ಟ ಆ 4ನ್ನು ರಾಘು ಸರ್ಕಾರಿ ನೌಕರನ ಸಿಎಲ್ ಹಾಗೆ ಎಣಿಸಿಕೊಂಡು, ಮೊದಲ ನಾಲ್ಕು ವಾರದಲ್ಲೇ ತೀರಿಸಿಬಿಟ್ಟ.

ಕೊರೋನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಜಡಿಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದ್ದರು. ಅವರ ತಯಾರಿಯೆಂದರೆ ಆ ಕೊಡೆ. ಇದನ್ನು ಹೇಳಿದ್ದೇ ತಪ್ಪಾಯಿತು. ಮಾರನೇ ದಿನ ರಾಘು, ಓದುವ ಮೂಡಿಗೆ ಬೇಕೆಂದು, ಮಳೆ ಸದ್ದಿನ ಆ್ಯಪ್ ಹಾಕಿಕೊಂಡ.

ಐದನೇ ವಾರ, ಸಿಎಲ್ ಖಾಲಿಯಾದ ಮೇಲೆ, ರಾತ್ರಿ ಹತ್ತಕ್ಕೆ ಕೊನೆಗೂ ಕೂತ. ಮೇಷ್ಟ್ರು ನಿಧಾನ ಎಂದು ವೇಗ ಎರಡರಷ್ಟು ಮಾಡಿದ. ಅವರು ಯಕ್ಷಗಾನದ ಹಾಸ್ಯಗಾರನಂತೆ ಬಡಬಡಿಸತೊಡಗಿದರು. ತಿಳಿಯಲಿಲ್ಲವೆಂದು ಹಿಂದಕ್ಕೆಳೆದ. ಮತ್ತೆ ಎಳೆದ. ಹನ್ನೊಂದರ ಹೊತ್ತಿಗೆ ನಾಲ್ಕು ನಿಮಿಷದ ಪಾಠವಾಗಿತ್ತು. ನೋಟ್‌ಬುಕ್ಕಿನಲ್ಲಿ ತಲೆಬರಹ, ಅದರಡಿ ಎರಡು ಬಣ್ಣದ ಗೆರೆ. ಬಾಗಿಲಲ್ಲಿ ನಿಂತು ನಾನು ಖುಷಿಪಡುತ್ತಿದ್ದೆ. ಹುಡುಗ ಹೆಡ್‌ಫೋನು ಕೆಳಗಿಳಿಸಿದ.

'ಮಾಮ, ಈ ಮೇಜು ಕಿಟಕಿ ಹತ್ರ ಇದ್ದಿದ್ರೆ ಕಾನ್ಸಂಟ್ರೇಷನ್ ಬರ್ತಿತ್ತು, ಅಲ್ವಾ?'

ಆ ತುದಿ ಅವನು ಹಿಡಿದ, ಈ ತುದಿ ನಾನು.