ಅಂಜಿಕೆಯಿಲ್ಲದ ಪ್ರಯೋಗಶಾಲೆಗಳಿಗೆ ಶುಐಬಾದಿಂದ ಒಂದು ಬಹಿರಂಗ ಪತ್ರ

ಕರ್ನಾಟಕದ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ವಿಭಾಗಗಳ ಮಾನ್ಯ ಮುಖ್ಯಸ್ಥರ ಸನ್ನಿಧಿಗೆ,

ಕುವೈತ್ ನಗರದಿಂದ ಸುಮಾರು 50 ಕಿಲೋಮೀಟರ್ ದಕ್ಷಿಣಕ್ಕೆ, ಕೊಲ್ಲಿಯ ದಂಡೆಯ ಮೇಲೆ, ತೈಲ ಮತ್ತು ಪೆಟ್ರೋಕೆಮಿಕಲ್ ಸ್ಥಾವರಗಳು ಒತ್ತೊತ್ತಾಗಿ ನಿಂತಿರುವ ಶುಐಬಾ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರುವ ಕನ್ನಡಿಗ ಪದವೀಧರರಲ್ಲಿ ಕಾಣಿಸಿಕೊಳ್ಳುವ ವಿಚಿತ್ರ ಅಧಃಪತನವೊಂದನ್ನು ತಮ್ಮ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ. ಊರಿನ ಲ್ಯಾಬಿನಲ್ಲಿ ಗಾಢ ಸಲ್ಫ್ಯೂರಿಕ್ ಆಮ್ಲದ ಬಾಟಲಿಯನ್ನು ಬರಿಗೈಯಲ್ಲಿ ಎತ್ತಿ, ಪಿಪೆಟ್ಟನ್ನು ಬಾಯಿಂದ ಹೀರಿ, ಹವಾಯಿ ಚಪ್ಪಲಿಯಲ್ಲೇ ಎಂ.ಎಸ್ಸಿ. ದಾಟಿ ಬಂದ ಈ ಧೀರರು, ಶುಐಬಾದ ಗೇಟಿನೊಳಗೆ ಕಾಲಿಟ್ಟ ದಿನವೇ ಬೆಂಕಿ ತಡೆಯುವ ಕವರಾಲ್, ಹೆಲ್ಮೆಟ್, ರಕ್ಷಣಾ ಕನ್ನಡಕ ಮತ್ತು ಸೇಫ್ಟಿ ಶೂಗಳೊಳಗೆ ಅಡಗಿಕೊಳ್ಳುತ್ತಾರೆ. ತಾವು ವರ್ಷಗಟ್ಟಲೆ ಶ್ರಮಪಟ್ಟು ಬೆಳೆಸಿದ ಧೈರ್ಯವು ಮೊದಲ ತರಬೇತಿಯಲ್ಲೇ ಕರಗಿಹೋಗುತ್ತದೆ.

ಹೈಡ್ರೋಜನ್ ಸಲ್ಫೈಡ್ ಅನಿಲದ ವಿಷಯವನ್ನೇ ನೋಡಬಹುದು. ಲವಣ ವಿಶ್ಲೇಷಣೆಯ ಪ್ರ್ಯಾಕ್ಟಿಕಲ್‌ನಲ್ಲಿ ಇದನ್ನು ಮೂಗಿನಿಂದಲೇ ಗುರುತಿಸಿ, ರೆಕಾರ್ಡ್ ಪುಸ್ತಕದಲ್ಲಿ ಕೊಳೆತ ಮೊಟ್ಟೆಯ ವಾಸನೆ ಎಂದು ಬರೆದು ಅಂಕ ಪಡೆದ ತಲೆಮಾರುಗಳು ಕರ್ನಾಟಕದಲ್ಲಿವೆ. ಕಚ್ಚಾ ತೈಲದಲ್ಲಿ ಗಂಧಕವಿರುವುದರಿಂದ ಅದೇ ಅನಿಲವು ತೈಲ ಸಂಸ್ಕರಣಾಗಾರಗಳಲ್ಲೂ ಹುಟ್ಟುತ್ತದೆ; ಆದರೆ ಅಲ್ಲಿ ಮೂಗನ್ನು ನಂಬುವವರಿಲ್ಲ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲದ 10 ಭಾಗ ಸೇರಿದೊಡನೆ ಕಿರುಚುವ ಪುಟ್ಟ ಮಾಪಕವೊಂದನ್ನು ಎದೆಯ ಬಳಿ ಸಿಕ್ಕಿಸಿಕೊಂಡು, ಅದು ಕಿರುಚಿದರೆ ಗಾಳಿಯ ದಿಕ್ಕು ನೋಡಿ ಓಡುವುದು ಅಲ್ಲಿಯವರ ಪದ್ಧತಿ. ಪ್ರಮಾಣವು ಸುಮಾರು 100 ಭಾಗ ದಾಟಿದರೆ ಮೂಗಿನ ಗ್ರಹಣಶಕ್ತಿಯೇ ಕುಂದಿ, ವಾಸನೆ ಹೋಯಿತೆಂದು ಮನುಷ್ಯನು ನೆಮ್ಮದಿಪಡುವ ಹೊತ್ತಿನಲ್ಲೇ ವಿಷ ಏರುತ್ತಿರುತ್ತದೆ ಎಂಬುದು ಅವರ ಸಮರ್ಥನೆ. ವಾಸನೆ ಹೋದ ಮೇಲೆ ರೆಕಾರ್ಡಿನಲ್ಲಿ ಏನು ಬರೆಯಬೇಕೆಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಹೈಡ್ರೋಜನ್ ಕುರಿತ ಅವರ ಅಂಜಿಕೆಯಂತೂ ಇನ್ನೂ ಹಳೆಯದು. 1968ರಲ್ಲಿ ಕಾರ್ಯಾರಂಭ ಮಾಡಿ 2017ರಲ್ಲಿ ಮುಚ್ಚಿದ ಶುಐಬಾ ಸಂಸ್ಕರಣಾಗಾರವು ಜಗತ್ತಿನ ಮೊದಲ ಸಂಪೂರ್ಣ ಹೈಡ್ರೋಜನ್ ಸಂಸ್ಕರಣಾಗಾರವೆಂದು ಹೆಸರಾಗಿತ್ತು. ತೈಲದ ಗಂಧಕವನ್ನು ತೆಗೆಯುವುದಕ್ಕೂ ಭಾರವಾದ ಅಣುಗಳನ್ನು ಒಡೆಯುವುದಕ್ಕೂ ಅಲ್ಲಿ ಹೈಡ್ರೋಜನ್ನನ್ನೇ ಅಧಿಕ ಒತ್ತಡದಲ್ಲಿ ಬಳಸಲಾಗುತ್ತಿತ್ತು. ಈ ಅನಿಲವು ಗಾಳಿಯಲ್ಲಿ ಶೇಕಡ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿ ಬೆರೆತರೂ ಹೊತ್ತಿಕೊಳ್ಳಬಲ್ಲದು, ಹೊತ್ತಿಕೊಳ್ಳಲು ಅದಕ್ಕೆ ಬಟ್ಟೆಯಿಂದ ಸಿಡಿಯುವ ಸ್ಥಿರವಿದ್ಯುತ್ತಿನ ಕಿಡಿಯೂ ಸಾಕು, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲವೆನ್ನಬಹುದು. ಈ ಮೂರು ಸಂಗತಿಗಳನ್ನು ತಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ; ಬರೆದು, ಸುಮಾರು 150 ವಾಯುಭಾರದ ಒತ್ತಡ ತುಂಬಿದ ಸಿಲಿಂಡರನ್ನು ಸರಪಳಿಯಿಲ್ಲದೆ ಗೋಡೆಗೆ ಒರಗಿಸಿ ಮನೆಗೆ ಹೋಗುತ್ತಾರೆ. ಶುಐಬಾದಲ್ಲಿ ಒಂದು ಬೋಲ್ಟ್ ಸಡಿಲಿಸಬೇಕಾದರೂ ಪರ್ಮಿಟ್, ಅಂದರೆ ಯಾವ ಕೆಲಸ, ಯಾರಿಂದ, ಯಾವ ಅಪಾಯ, ಅನಿಲದ ಪರೀಕ್ಷೆ ನಡೆಸಿದವರು ಯಾರು ಎಂಬುದನ್ನೆಲ್ಲ ಬರೆದು ಸಹಿ ಹಾಕಿಸಿದ ಕಾಗದ ಬೇಕು. ವಿಷಯ ಬಲ್ಲವರಿಗೆ ಇಷ್ಟೊಂದು ಕಾಗದ ಏಕೆಂಬುದು ತಮ್ಮ ಪ್ರಶ್ನೆಯಾದರೆ, ಬಲ್ಲವರಿಗೂ ಮರೆವು ಉಂಟು, ಆಯಾಸವೂ ಉಂಟು ಎಂಬ ಅವಮಾನಕರ ನಂಬಿಕೆಯ ಮೇಲೆಯೇ ಆ ಸ್ಥಾವರಗಳು ನಡೆಯುತ್ತಿವೆ.

ತುರ್ತು ಶವರ್ ಎಂಬ ಸಾಧನದ ಬಗ್ಗೆ ಒಂದೆರಡು ಮಾತು ಅಗತ್ಯ. ಮೈಮೇಲೆ ಆಮ್ಲ ಬಿದ್ದರೆ ಅಥವಾ ಬಟ್ಟೆಗೆ ಬೆಂಕಿ ತಗುಲಿದರೆ 10 ಸೆಕೆಂಡುಗಳೊಳಗೆ ತಲುಪಬಹುದಾದ ಜಾಗದಲ್ಲಿದ್ದು, 15 ನಿಮಿಷ ಎಡೆಬಿಡದೆ, ಮೈಗೆ ಹಿತವಾದ ಬಿಸುಪಿನ ನೀರು ಸುರಿಸಬೇಕೆಂಬುದು ಇದರ ಅಮೆರಿಕನ್ ಮಾನದಂಡ. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿತ್ತು. ಅಂತಹ ನಾಡಿನಲ್ಲಿ ಬಿಸಿಲಿಗೆ ಕಾದ ಪೈಪಿನ ನೀರೇ ಚರ್ಮ ಸುಡುವುದರಿಂದ, ಶವರಿನ ನೀರನ್ನು ತಂಪಾಗಿಸಿ ಇಡುವ ಚಿಲ್ಲರುಗಳನ್ನು ಬಳಸಬೇಕಾಗುತ್ತದೆ. ತಮ್ಮಲ್ಲಿ ಈ ತೊಡಕಿಲ್ಲ. ನೀರಿನ ಸಂಪರ್ಕವೇ ಇಲ್ಲದ ಶವರಿನಲ್ಲಿ ಉಷ್ಣತೆಯ ಪ್ರಶ್ನೆ ಏಳುವುದಿಲ್ಲ, ಅದರ ಅಡಿಯಲ್ಲಿ ಹಳೆಯ ಉತ್ತರಪತ್ರಿಕೆಗಳ ಬೀರುವನ್ನು ಇಡುವುದಕ್ಕೂ ಅನುಕೂಲ. ವಿದ್ಯಾಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರದಲ್ಲಿ ಬೀರು ಸರಿಯುವುದೂ ಅಗ್ನಿಶಾಮಕಗಳ ಮೇಲೆ ಹೊಸ ತಾರೀಖಿನ ಚೀಟಿ ಮೂಡುವುದೂ ಉಂಟೆಂದು ಕೇಳಿಬಂದಿದ್ದು, ಅಪಘಾತಗಳು ಆ ವಾರದಲ್ಲೇ ಸಂಭವಿಸಲೆಂದು ಹಾರೈಸುವುದಷ್ಟೇ ಉಳಿದಿದೆ.

ಹಾಸ್ಯಕ್ಕೆ ಎಡೆಯಿಲ್ಲದ ಸಂಗತಿಗಳೂ ಇವೆ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಘಾತತರಂಗ ಸಂಶೋಧನೆಯ ಪ್ರಯೋಗಶಾಲೆಯಲ್ಲಿ ಹೈಡ್ರೋಜನ್ ಸಿಲಿಂಡರ್ ಸ್ಫೋಟಗೊಂಡು ಒಬ್ಬ ಯುವ ಸಂಶೋಧಕರು ಸತ್ತರು, ಮೂವರು ಗಾಯಗೊಂಡರು. ದೇಶದ ಶ್ರೇಷ್ಠ ಸಂಸ್ಥೆಯಲ್ಲೇ ಹೀಗಾದರೆ ಜಿಲ್ಲಾ ಕೇಂದ್ರದ ಕಾಲೇಜುಗಳ ಪಾಡೇನು ಎಂಬ ಪ್ರಶ್ನೆ ಕೆಲವು ದಿನ ಕೇಳಿಬಂದು ಮರೆಯಾಯಿತು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2008ರ ಡಿಸೆಂಬರ್ 29ರಂದು, ಗಾಳಿ ಸೋಕಿದೊಡನೆ ತಾನೇ ಹೊತ್ತಿಕೊಳ್ಳುವ ಬ್ಯುಟೈಲ್ ಲಿಥಿಯಂ ದ್ರಾವಣವನ್ನು ಸಿರಿಂಜಿನಿಂದ ಸೆಳೆಯುತ್ತಿದ್ದ 23 ವರ್ಷದ ಸಹಾಯಕಿಯೊಬ್ಬರ ಕೈಯಲ್ಲಿ ಸಿರಿಂಜಿನ ದಂಡ ಹೊರಬಂದು ಬಟ್ಟೆ ಹೊತ್ತಿಕೊಂಡಿತು. ಮೈಮೇಲೆ ಏಪ್ರನ್ ಇರಲಿಲ್ಲ, ಇದ್ದದ್ದು ಕೃತಕ ನೂಲಿನ ಸ್ವೆಟರ್. ಕೋಣೆಯಲ್ಲಿದ್ದ ಶವರನ್ನು ಯಾರೂ ಬಳಸಲಿಲ್ಲ. ಅವರು 18 ದಿನಗಳ ಬಳಿಕ ತೀರಿಕೊಂಡರು. ಅಲ್ಲಿ ಪ್ರಾಧ್ಯಾಪಕರ ಮೇಲೆ ಕ್ರಿಮಿನಲ್ ಮೊಕದ್ದಮೆಯೇ ನಡೆಯಿತು ಎಂಬ ವಿವರವನ್ನು ತಮ್ಮ ಮನಶ್ಶಾಂತಿಯ ದೃಷ್ಟಿಯಿಂದ ಇಲ್ಲಿ ಬೆಳೆಸುವುದಿಲ್ಲ.

ಶುಐಬಾದವರು ಪರಿಪೂರ್ಣರೆಂದು ಈ ಪತ್ರ ಸಾರುತ್ತಿಲ್ಲ. ಪಕ್ಕದ ಮೀನಾ ಅಲ್ ಅಹ್ಮದಿ ಸಂಸ್ಕರಣಾಗಾರದಲ್ಲಿ 2000ದ ಜೂನ್ 25ರಂದು ಅನಿಲ ಸೋರಿ ಭಾರಿ ಸ್ಫೋಟವಾಗಿ ಜೀವಹಾನಿಯಾದದ್ದು ಅಲ್ಲಿಯವರಿಗೆ ಚೆನ್ನಾಗಿ ನೆನಪಿದೆ, ಅಂಜಿಕೆಯ ಒಂದು ಪಾಲು ಅಲ್ಲಿಂದಲೇ ಬಂದಿರಬಹುದು. ವ್ಯತ್ಯಾಸವಿರುವುದು ಸಣ್ಣ ಘಟನೆಗಳ ಲೆಕ್ಕದಲ್ಲಿ. ಕೂದಲೆಳೆಯಲ್ಲಿ ತಪ್ಪಿದ ಅನಾಹುತವನ್ನು ತೈಲ ಸ್ಥಾವರಗಳಲ್ಲಿ ನಿಯರ್ ಮಿಸ್ ಎನ್ನುತ್ತಾರೆ. ಯಾರಿಗೂ ಏನೂ ಆಗದಿದ್ದರೂ ಅದನ್ನು ಬರೆದಿಡುವುದು ಅಲ್ಲಿ ಕಡ್ಡಾಯ, ಬರೆದವರಿಗೆ ಕೆಲವೆಡೆ ಬಹುಮಾನವೂ ಉಂಟು. 2010ರ ಜನವರಿ 7ರಂದು ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ, 100 ಮಿಲಿಗ್ರಾಂ ಮೀರಬಾರದೆಂದು ಬಾಯಿಮಾತಿನಲ್ಲಿ ಹೇಳಿದ್ದ ಸ್ಫೋಟಕ ಸಂಯುಕ್ತವನ್ನು ಸುಮಾರು 10 ಗ್ರಾಂ ತಯಾರಿಸಿದಾಗ ಅದು ಸಿಡಿದು ಸಂಶೋಧನಾ ವಿದ್ಯಾರ್ಥಿಯೊಬ್ಬರ ಮೂರು ಬೆರಳುಗಳು ಹೋದವು. ಅದೇ ತಂಡದಲ್ಲಿ ಹಿಂದೆಯೂ ಹಾನಿಯಿಲ್ಲದೆ ತಪ್ಪಿಹೋದ ಘಟನೆಗಳಿದ್ದು, ಅವುಗಳಿಂದ ಪಾಠ ಕಲಿಯುವ ವ್ಯವಸ್ಥೆ ಇರಲಿಲ್ಲವೆಂದು ಸರ್ಕಾರಿ ತನಿಖೆ ತೋರಿಸಿತು. ತಮ್ಮಲ್ಲಿ ಅಟೆಂಡರ್ ನೆಲ ಒರೆಸಿದೊಡನೆ ಘಟನೆಯೂ ಒರೆಸಿಹೋಗುತ್ತದೆ.

ಆದ್ದರಿಂದ ತಮ್ಮ ವಿಭಾಗದ ಕಳೆದ ಐದು ವರ್ಷಗಳ ನಿಯರ್ ಮಿಸ್ ದಾಖಲೆ ಪುಸ್ತಕದ ಒಂದು ಪ್ರತಿಯನ್ನು ಶುಐಬಾಕ್ಕೆ ಕಳುಹಿಸಿಕೊಡಬೇಕೆಂದು ವಿನಂತಿ. ಪುಸ್ತಕ ಖಾಲಿಯಾಗಿದ್ದರೂ ಕಳುಹಿಸಬಹುದು. ಅಷ್ಟು ವರ್ಷ ಅದನ್ನು ಖಾಲಿಯಾಗಿಟ್ಟುಕೊಳ್ಳುವ ವಿದ್ಯೆ ಯಾವ ಸ್ಥಾವರಕ್ಕೂ ಸಿದ್ಧಿಸಿಲ್ಲವಾದ್ದರಿಂದ ಅಲ್ಲಿ ಅದು ಪ್ರದರ್ಶನಯೋಗ್ಯವಾಗುತ್ತದೆ. ಅಂತಹ ಪುಸ್ತಕವೇ ಇಲ್ಲವೆಂದಾದರೆ, ಅದನ್ನು ಕೊಳ್ಳಲು ಮೂರು ಕೊಟೇಶನ್, ಖರೀದಿ ಸಮಿತಿಯ ಸಭೆ ಮತ್ತು ಹಣಕಾಸು ಅಧಿಕಾರಿಯ ಒಪ್ಪಿಗೆ ಬೇಕಾಗುವುದರಿಂದ, ಮುಂದಿನ ಆರ್ಥಿಕ ವರ್ಷದವರೆಗೆ ಕಾಯಲು ಅಲ್ಲಿಯವರು ಸಿದ್ಧರಿದ್ದಾರೆ.

ಇತಿ,
ಶುಐಬಾದ ಅಂಜುಬುರುಕರ ಪರವಾಗಿ